ತೆಂಕಿಗೆ ಒದೆಯುವ ಬೋಟು

ಎಡವೂ ಬಲವೂ ಒಂದೇ ಎಂದು ಸರ್ಕಾರ ಆದೇಶ ಹೊರಡಿಸಿದ ವರ್ಷ ನನಗೆ ಇಪ್ಪತ್ಮೂರು. ರಾಜಕೀಯದ ಎಡಬಲ ಅಲ್ಲ, ಗಾಬರಿಯಾಗಬೇಡಿ. ತಿರುಗುವ ಎಡಬಲ.

ನೀವೂ ಗಮನಿಸಿರುತ್ತೀರಿ. ಹಳೆಯ ಸ್ಕೂಟರು ಒಂದು ಕಡೆಗೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ತಿರುಗುತ್ತಿತ್ತು. ಇನ್ನೊಂದು ಕಡೆಗೆ ಸೋಮವಾರ ಶಾಲೆಗೆ ಹೊರಟ ಹುಡುಗನ ಹಾಗೆ. ಎಂಜಿನ್ನಿನ ಭಾರ ಒಂದೇ ಮಗ್ಗುಲಿಗೆ ಇದ್ದರೆ ಹಾಗಾಗುತ್ತದೆ. ಬೋಟಿನ ಕಥೆ ಇನ್ನೂ ಮಜಾ. ಬೋಟಿನ ಹಿಂಬದಿಯಲ್ಲಿ ನೀರಿನೊಳಗೆ ತಿರುಗುವ ಫ್ಯಾನು ಇದೆಯಲ್ಲ, ಅದು ಬೋಟನ್ನು ಮುಂದಕ್ಕೆ ಮಾತ್ರ ತಳ್ಳುವುದಿಲ್ಲ. ಕೆಳಗಿನ ನೀರಿನ ಹಿಡಿತ ಮೇಲಿನದ್ದಕ್ಕಿಂತ ಗಟ್ಟಿ. ಹಾಗಾಗಿ ನೆಲದ ಮೇಲೆ ಚಕ್ರ ಉರುಳಿದಂತೆ ಹಿಂಬದಿಯನ್ನು ಪಕ್ಕಕ್ಕೂ ಒದೆಯುತ್ತದೆ. ಬಲಸುತ್ತಿನ ಫ್ಯಾನಾದರೆ ಮುಂದೆ ಹೋಗುವಾಗ ಹಿಂಬದಿ ಬಲಕ್ಕೆ ಸರಿಯುತ್ತದೆ, ಮೂತಿ ಎಡಕ್ಕೆ ಎಳೆಯುತ್ತದೆ. ರಿವರ್ಸ್ ಹಾಕಿದರೆ ಹಿಂಬದಿ ಎಡಕ್ಕೆ, ಅದೂ ಎರಡರಷ್ಟು ಜೋರಾಗಿ. ನಮ್ಮ ಬೆಳ್ಳಿಕೋಡಿ ಬಂದರಿನಲ್ಲಿ ಬೋಟು ನಡೆಸುವ ತಾಂಡೇಲರಿಗೆ ಈ ಒದೆತ ಅಂಗೈಯಲ್ಲಿ ಗೊತ್ತಿತ್ತು.

ಈ ಒದೆತವನ್ನು ಕೊಲ್ಲಲು ಬಂದ ಯಂತ್ರದ ಹೆಸರು ಸಮಗತಿ. ಬೋಟಿನ ಹಿಂಬದಿಯಲ್ಲಿ ಅಡ್ಡಲಾಗಿ ಒಂದು ಉಕ್ಕಿನ ಕೊಳವೆ, ಒಳಗೊಂದು ಪಂಪು. ಫ್ಯಾನು ಯಾವ ಕಡೆಗೆ ಒದೆಯುತ್ತದೋ ಇದು ನೀರು ಚಿಮ್ಮಿಸಿ ಅದಕ್ಕೆ ಎದುರು ಕಡೆಗೆ ತಳ್ಳುತ್ತದೆ. ಲೆಕ್ಕ ಚುಕ್ತಾ. ಬೋಟು ಎಡಕ್ಕೆ ಎಷ್ಟು ತಿರುಗುತ್ತದೋ ಬಲಕ್ಕೂ ಅಷ್ಟೇ. ಹಾಗಾದರೆ ಮಾತ್ರ ದಡದ ಮೇಲಿನ ಕಂಟ್ರೋಲ್ ರೂಮಿನ ಕಂಪ್ಯೂಟರು ಎಲ್ಲ ಬೋಟುಗಳಿಗೂ ಒಂದೇ ಸೂತ್ರದಲ್ಲಿ ದಾರಿ ಹೇಳಬಹುದು. ಎಡಬಲ ಎಷ್ಟು ಸಮವಾಗಿದೆ ಎಂದು ಪ್ರತಿ ಬೋಟಿಗೂ ದಿನದಿನವೂ ಒಂದು ಅಂಕ, ಸಮಾಂಕ. ನೂರಕ್ಕೆ ತೊಂಬತ್ತಕ್ಕಿಂತ ಕೆಳಗೆ ಇಳಿದರೆ ಒಂದು ಕೆಂಪು ಗುರುತು. ಒಂದು ಹಂಗಾಮಿನಲ್ಲಿ ಮೂರು ಕೆಂಪು ಬಿದ್ದರೆ ತಾಂಡೇಲ ಕಾರ್ಡು ರದ್ದು. ಸಮಗತಿಯ ಸೀಲು ಮುರಿದರೆ ಬೋಟೇ ಜಪ್ತಿ.

ನಾನು ಸಚ್ಚಿದಾನಂದ ಮೊಗವೀರ, ಕರೆಯುವುದು ಸಚ್ಚು, ಆ ಕಂಟ್ರೋಲ್ ರೂಮಿನ ಏಳನೇ ನಂಬರಿನ ಆಪರೇಟರ್. ನನ್ನ ಅಕ್ಕ ಮೂಕಾಂಬು 'ಜಟ್ಟಿಗ ಪ್ರಸಾದ' ಬೋಟಿನ ತಾಂಡೇಲ. ಅಪ್ಪಯ್ಯನ ಮಂಡಿ ಹೋದ ಮೇಲೆ ಚಕ್ರ ಹಿಡಿದವಳು. ಹೆಂಗಸಿಗೆ ಕಾರ್ಡು ಕೊಡಲು ಇಲಾಖೆ ನಾಲ್ಕು ವರ್ಷ ಅಲೆದಾಡಿಸಿತ್ತು. ಆ ಕಾರ್ಡನ್ನು ಅವಳು ಪ್ಲಾಸ್ಟಿಕ್ ಹಾಕಿಸಿ ಕುತ್ತಿಗೆಗೆ ಕಟ್ಟಿಕೊಂಡಿದ್ದಳು. ತಾಳಿ ಕಟ್ಟಲು ಬಂದ ಇಬ್ಬರನ್ನು ವಾಪಸ್ ಕಳಿಸಿದ್ದಳು.

ಸೆಪ್ಟೆಂಬರ್ ಹೊತ್ತಿಗೆ ಆ ಕಾರ್ಡಿನ ಮೇಲೆ ಎರಡು ಕೆಂಪು ಬಿದ್ದಿದ್ದವು.

*

ಎರಡನೆಯ ಕೆಂಪು ಬಿದ್ದ ದಿನ ಅವಳು ಕಂಟ್ರೋಲ್ ರೂಮಿಗೇ ನುಗ್ಗಿದಳು. ಚಪ್ಪಲಿಯಿಂದ ನೀರು ಸೋರುತ್ತಿತ್ತು. ಎಸಿ ರೂಮಿನಲ್ಲಿ ಮೀನಿನ ವಾಸನೆ ಎದ್ದು ನಿಂತಿತು.

ನಾನು ಕುರ್ಚಿ ತಿರುಗಿಸಿ ಎರಡೂ ಕೈ ಚಾಚಿದೆ. "ಬಂದಳು! ಅಲೆಗೆ ಅಪ್ಪಣೆ ಕೊಡುವವಳು, ಗಾಳಿಗೆ ಗಡುವು ಹಾಕುವವಳು!"

"ಬಾಯ್ ಮುಚ್ಚ್ ಹೀರೋ. ಇಲ್ಲದಿದ್ರೆ ಹಲ್ಲ್ ಹೆಕ್ಕುಕ್ ಬಲೆ ಹಾಕ್ಕಾತ್ತ್," ಎಂದು ನನ್ನನ್ನು ದಾಟಿ ಹೋದಳು. "ಮೇಡಂ ಎಲ್ಲಿ?"

ಮೇಡಂ ಅಂದರೆ ವಿಶಾಲಾಕ್ಷಿ ಹಿರೇಮಠ, ಧಾರವಾಡದ ಕಡೆಯ ಎಂಜಿನಿಯರು, ಕಂಟ್ರೋಲ್ ರೂಮಿನ ಮುಖ್ಯಸ್ಥೆ. ನಗುವುದಕ್ಕೂ ಅರ್ಜಿ ಕೇಳುವ ಹೆಂಗಸು. ಹಿಂದೊಮ್ಮೆ ಬೇರೊಂದು ಬಂದರಿನಲ್ಲಿ ಎರಡು ಬೋಟು ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಡಿಕ್ಕಿಯಾಗಿ ಮೂವರು ಸತ್ತಾಗ ಅವರು ಅಲ್ಲೇ ಕೆಲಸದಲ್ಲಿದ್ದರಂತೆ. ಒಂದು ಬೋಟು ಬಲಕ್ಕೆ ತಿರುಗುವುದು ತಡವಾಗಿತ್ತು, ಅಷ್ಟೇ ಕಾರಣ. ಆವತ್ತಿನಿಂದ ಅವರಿಗೆ ಎಡಬಲದ ವ್ಯತ್ಯಾಸ ವೈಯಕ್ತಿಕ ವೈರಿ.

"ನನ್ ಬೋಟಿಗ್ ಹಾಕಿದ ಸಮಗತಿ ಸಮ ಇಲ್ಲೆ," ಅಂದಳು ಅಕ್ಕ. "ಅಳಿವೆ ಒಳ್ಗ್ ಬಪ್ಪತಿಗೆ ಮೂತಿ ಬಡಗಿಗ್ ಎಳಿತ್ತ್. ಹೊರ್ಗ್ ಹೋಪತಿಗೆ ತೆಂಕಿಗ್ ಎಳಿತ್ತ್. ಮೊದ್ಲೂ ಎಳಿತಿತ್ತ್, ಈಗ ಎರ್ಡ್ ಪಟ್ಟ್ ಎಳಿತ್ತ್. ಚಕ್ರ ಹಿಡ್ದ್ ಹಿಡ್ದ್ ತೋಳ್ ಬಿದ್ದ್ ಹೋಯ್ತ್."

ಹಿರೇಮಠ ಮೇಡಂ ಪರದೆಯ ಮೇಲೆ ಪಟ್ಟಿ ತೆರೆದರು. ನಲವತ್ಮೂರು ಬೋಟು, ನಲವತ್ತೆರಡು ಹಸಿರು.

"ನೋಡವ್ವಾ, ಎಲ್ಲಾರಿಗೂ ಒಂದ ಯಂತ್ರ, ಒಂದ ಕಂಪನಿ. ನಿಂದೊಂದ ಯಾಕ ಹಂಗ ಮಾಡ್ತೈತಿ? ಈಗ ನೀನ ಹೇಳಿದಿ, ಒಮ್ಮೆ ಬಡಗ ಅಂತ, ಇನ್ನೊಮ್ಮೆ ತೆಂಕ ಅಂತ. ಮೊದಲ ಯಾವ ಕಡೆ ಅಂತ ಖಾತ್ರಿ ಮಾಡ್ಕೊಂಡ ಬಾ, ಆಮ್ಯಾಲ ಜಗಳಾ ಮಾಡು."

"ಎರ್ಡೂ ಹೌದ್!"

"ಎರಡೂ ಹೆಂಗ ಆಗ್ತೈತಿ? ನಿನ್ನ ಕೈ ಹಳೇ ರೂಢಿ ಬಿಟ್ಟಿಲ್ಲ. ಯಂತ್ರದ ಕೂಡ ಗುದ್ದಾಡಾಕತ್ತಿ."

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. "ಕೋರ್ಟ್ ಗಮನಿಸಬೇಕು ಮೇಡಂ! ಸಾಕ್ಷಿ ಒಂದೇ ಬಾಯಲ್ಲಿ ಉತ್ತರ, ದಕ್ಷಿಣ ಎರಡನ್ನೂ ಹೇಳ್ತಿದೆ!" ಎಂದು ಮೇಜು ತಟ್ಟಿದೆ. ಪಕ್ಕದ ಆಪರೇಟರುಗಳು ನಕ್ಕರು.

ಅಕ್ಕ ನನ್ನನ್ನು ನೋಡಿದಳು. ಆ ನೋಟಕ್ಕೆ ಹಿನ್ನೆಲೆ ಸಂಗೀತ ಬೇಡ. "ಮೂರನೇದ್ ಬಿದ್ರೆ ಒಂದ್ ವರ್ಷ ನಾನೂ ಬೋಟಿನ ಎಂಟ್ ಜನವೂ ದಡದಲ್ಲಿ. ನೆಗ್ಯಾಡ್," ಅಂದು ಹೋದಳು.

*

ಇಲ್ಲಿ ನಾನು ಜುಲೈ ತಿಂಗಳಿಗೆ ಹೋಗಬೇಕು.

ಮೀನುಗಾರಿಕೆಗೆ ರಜೆ ಇರುವ ಮಳೆಗಾಲದ ಎರಡು ತಿಂಗಳಲ್ಲಿ ಎಲ್ಲ ಬೋಟುಗಳಿಗೆ ಸಮಗತಿ ಜೋಡಿಸಿದ್ದು. ಯಂತ್ರಕ್ಕೆ ಬೇಕಾಗಿದ್ದು ಒಂದೇ ಮಾಹಿತಿ: ಈ ಬೋಟಿನ ಫ್ಯಾನು ಯಾವ ಕಡೆಗೆ ಒದೆಯುತ್ತದೆ? ಕೆಲವು ಫ್ಯಾನು ಬಲಸುತ್ತು, ಕೆಲವು ಎಡಸುತ್ತು. ನೀರಿಗಿಳಿದು ನೋಡುವ ಬದಲು ತಾಂಡೇಲರನ್ನೇ ಕೇಳಿದರೆ ಸಾಕು ಎಂದು ಇಲಾಖೆ ಒಂದು ಫಾರಂ ಮಾಡಿತ್ತು. 'ದಕ್ಕೆಯಿಂದ ಬಿಡುವಾಗ ರಿವರ್ಸ್ ಹಾಕಿದರೆ ಹಿಂಬದಿ ಯಾವ ಕಡೆಗೆ ಹೋಗುತ್ತದೆ? ಎಡ / ಬಲ.' ದಕ್ಕೆ ಅಂದರೆ ಬೋಟು ಕಟ್ಟುವ ಕಟ್ಟೆ. ತುಂಬಿಸಲು ನನ್ನನ್ನು ಕಳಿಸಿದರು. ನಾನು ಮೀನಿನ ಬುಟ್ಟಿ ಮಗುಚಿ ಹಾಕಿ, ಕೊಡೆ ಬಿಡಿಸಿ, ಸಿಂಹಾಸನದಲ್ಲಿ ಕೂತ ಹಾಗೆ ಕೂತೆ.

ನಮ್ಮವರು ಎಡಬಲ ಹೇಳುವವರಲ್ಲ. ಅಡುಗೆಮನೆಯಲ್ಲೂ ಉಪ್ಪಿನ ಡಬ್ಬಿ 'ಮೂಡು ಬದಿಗೆ' ಇರುತ್ತದೆ; ಬಸ್ಸಿನಲ್ಲಿ 'ಸ್ವಲ್ಪ ತೆಂಕಿಗೆ ಸರೀನಿ' ಅನ್ನುತ್ತಾರೆ. ಮೂಡು, ಪಡು, ತೆಂಕು, ಬಡಗು: ಪೂರ್ವ, ಪಶ್ಚಿಮ, ದಕ್ಷಿಣ, ಉತ್ತರ. ಹಾಗಾಗಿ ನನ್ನ ಪ್ರಶ್ನೆಗೆ ಶೀನ ತಾಂಡೇಲ ಮೊದಲು ಹೇಳಿದ: "ಬಡಗಿಗೆ."

ನಮ್ಮ ಹೊಳೆ ಮೂಡಿನಿಂದ ಪಡುವಿಗೆ ಹರಿದು ಕಡಲು ಸೇರುತ್ತದೆ. ದಕ್ಕೆ ಹೊಳೆಯ ಬಡಗು ದಂಡೆಯಲ್ಲಿದೆ. ಕಡಲಿನಿಂದ ಬಂದ ಬೋಟಿನ ಮೂತಿ ಮೂಡಿಗೆ. ಮೂಡಿಗೆ ಮುಖ ಮಾಡಿದರೆ ಬಡಗು ಎಡಗಡೆ. ಆದ್ದರಿಂದ 'ಎಡ' ಎಂದು ಬರೆದೆ. ಮುಂದಿನವನೂ ಬಡಗು. ಅದರ ಮುಂದಿನವನೂ. ನಲವತ್ತೆರಡು ಮಂದಿ ಬಡಗು. ಅಕ್ಕನ ಸರದಿ ಬಂತು.

"ತೆಂಕಿಗೆ."

"ಇಡೀ ಊರು ಒಂದು ಕಡೆಗೆ, ನೀನು ಇನ್ನೊಂದು ಕಡೆಗೆ!" ಅಂದೆ. "ಬೋಟು ಕೂಡ ನಿನ್ನ ಹಾಗೇ ಉಲ್ಟಾ."

"ಬರಿಯುಕ್ ಬತ್ತಿಲ್ಯಾ ನಿಂಗೆ? ತೆಂಕ್ ಅಂದ್ರೆ ತೆಂಕ್."

'ಬಲ' ಎಂದು ಬರೆದೆ. ಕೆಳಗೆ ನನ್ನ ಸಹಿ, ಸ್ಟೈಲಾಗಿ.

*

ಎರಡನೆಯ ಕೆಂಪು ಬಿದ್ದ ಮರುದಿನ ನನಗೆ ವಾರದ ರಜೆ, ಅವಳ ಬೋಟಿಗೆ ಬಲೆ ಹೊಲಿಯುವ ಕೆಲಸ. ಇಬ್ಬರೂ ಮಧ್ಯಾಹ್ನ ಒಟ್ಟಿಗೆ ಊಟಕ್ಕೆ ಕೂತೆವು. ಅಮ್ಮ ಕಾಯಿಸಿದ ಬಂಗುಡೆ ಹಾಕಿದಳು, ನಮ್ಮಿಬ್ಬರ ನಡುವೆ ಅನ್ನದ ಪಾತ್ರೆಯನ್ನು ಗಡಿಕಲ್ಲಿನಂತೆ ಇಟ್ಟಳು.

"ನಿಮ್ ಮೇಡಂಗೆ ಹೇಳ್," ಅಂದಳು ಅಕ್ಕ ತಟ್ಟೆ ನೋಡುತ್ತಲೇ. "ಮೂಕಾಂಬು ಎರ್ಡ್ ಮಾತ್ ಆಡುವ ಹೆಂಗ್ಸಲ್ಲ ಅಂತ. ಒಳ್ಗ್ ಬಪ್ಪತಿಗೆ ಬಡ್ಗ್, ಹೊರ್ಗ್ ಹೋಪತಿಗೆ ತೆಂಕ್. ಅಷ್ಟೇ."

"ಇದು ಬೋಟಲ್ಲ ಅಕ್ಕ, ದೆವ್ವ," ಅಂದೆ. "ಹಗಲಿಗೊಂದು ರೂಪ, ಇರುಳಿಗೊಂದು ರೂಪ."

"ಅಮ್ಮಾ, ಇವ್ನ್ ತಟ್ಟಿಗ್ ಅನ್ನ ಹಾಕೂದ್ ಸಾಕ್. ಡೈಲಾಗಲ್ಲೇ ಹೊಟ್ಟಿ ತುಂಬ್ತ್ ಇವಂಗೆ."

"ತಿಂಬತಿಗಾರೂ ಸುಮ್ಮನಿರಿನಿ," ಅಂದಳು ಅಮ್ಮ.

ಅವಳನ್ನು ಇನ್ನಷ್ಟು ಕೆರಳಿಸುವುದು ನನ್ನ ಹಕ್ಕು ಎಂದು ತಿಳಿದು ಬಂಗುಡೆಯನ್ನು ಬಾಲದಲ್ಲಿ ಹಿಡಿದು ಎತ್ತಿದೆ. "ನೋಡಿ ಮಹಾಜನಗಳೇ! ಇದು ಜಟ್ಟಿಗ ಪ್ರಸಾದ. ಕಡಲಿನಿಂದ ಬರ್ತಾ ಉಂಟು." ತಟ್ಟೆಯಲ್ಲಿ ಮೀನಿನ ಮೂತಿಯನ್ನು ಮೂಡಿಗೆ ಮಾಡಿ ಸರಿಸಿದೆ. "ಅಯ್ಯೋ, ಬಡಗಿಗೆ ಎಳೀತು!" ಮೂತಿ ಬಡಗಿಗೆ, ಅಂದರೆ ಮೀನಿನ ಎಡಕ್ಕೆ, ವಾಲಿತು. ಮೀನನ್ನು ತಿರುಗಿಸಿದೆ, ಮೂತಿ ಪಡುವಿಗೆ. "ಈಗ ಹೊರಟಿತು. ಅಯ್ಯೋ, ತೆಂಕಿಗೆ ಎಳೀತು!" ಮೂತಿ ತೆಂಕಿಗೆ ವಾಲಿತು.

ಅದೂ ಮೀನಿನ ಎಡಕ್ಕೇ.

ಮೀನು ಕೈಯಲ್ಲಿ ಹಾಗೇ ನಿಂತಿತು. ಎರಡು ಸಲವೂ ಎಡ. ಅವಳು ಹೇಳಿದ್ದು ಒಂದೇ ಮಾತು. ಉಲ್ಟಾ ಆಗಿದ್ದು ಮೀನಿನ ಮುಖ.

"ಅಕ್ಕ, ದಕ್ಕೆಯಲ್ಲಿ ಕಟ್ಟಿದಾಗ ನಿನ್ನ ಬೋಟಿನ ಮೂತಿ ಎತ್ತ?"

"ಪಡುವಿಗೆ. ಹೊಳಿಯಲ್ಲೇ ತಿರ್ಗ್ಸಿ ಕಟ್ಟೂದ್, ಬೆಳಿಗ್ಗೆ ಮೊದ್ಲ್ ಹೊರಡೂಕೆ. ಬಾಕಿಯವ್ರೆಲ್ಲ ಮೂತಿ ಮೂಡಿಗ್ ಇಟ್ಟ್ ಕಟ್ತ್ರ್, ಎದ್ದ್ ಕಣ್ಣುಜ್ಜಿ ತಿರ್ಗ್ಸೂ ಹೊತ್ತಿಗೆ ನಾನ್ ಅಳಿವೆಯಲ್ಲಿ. ಇದ್ ಬಂದರಿನ ನಾಯಿಗೂ ಗೊತ್ತಿತ್ತ್. ಎಂತಕೆ?"

"ಸುಮ್ಮನೆ."

ನಾಯಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಫಾರಂ ತುಂಬಿಸುವಾಗ ಮಾತ್ರ ಗೊತ್ತಿರಲಿಲ್ಲ. ಪಡುವಿಗೆ ಮೂತಿ ಇಟ್ಟ ಬೋಟಿನ ಹಿಂಬದಿ ತೆಂಕಿಗೆ ಹೋದರೆ ಅದು ಎಡಕ್ಕೇ ಹೋದ ಹಾಗೆ. ಅವಳ ಫ್ಯಾನೂ ಎಲ್ಲರ ಫ್ಯಾನಿನ ಹಾಗೇ. ನಾನು 'ಬಲ' ಎಂದು ಬರೆದದ್ದರಿಂದ ಅವಳ ಸಮಗತಿ ಒದೆತವನ್ನು ತಡೆಯುವ ಬದಲು ಎರಡು ತಿಂಗಳಿನಿಂದ ಅದರ ಜೊತೆ ಸೇರಿ ಒದೆಯುತ್ತಿತ್ತು. ಅವಳು ಆ ದುಪ್ಪಟ್ಟು ಒದೆತದ ವಿರುದ್ಧ ಚಕ್ರವನ್ನು ಸದಾ ಬಲಕ್ಕೆ ಜಗ್ಗಿ ಹಿಡಿದು, ನಲವತ್ತೆರಡು ಬೋಟುಗಳ ಮಧ್ಯೆ, ಯಾವುದಕ್ಕೂ ತಾಗಿಸದೆ ಬಂದು ಹೋಗುತ್ತಿದ್ದಳು. ಎರಡೇ ಕೆಂಪು ಬಿದ್ದದ್ದು ಪವಾಡ.

ಹೇಳಬೇಕಿತ್ತು. ಅಲ್ಲೇ, ಮೀನು ಕೈಯಲ್ಲಿರುವಾಗಲೇ. ಆದರೆ ಮುಂದಿನ ವಾರ ನನ್ನ ಕೆಲಸ ಖಾಯಂ ಆಗುವುದಿತ್ತು. ಅವಳ ಎದುರು ತಪ್ಪು ಒಪ್ಪಿಕೊಂಡರೆ ಮುದುಕನಾಗುವವರೆಗೂ ಕೇಳಬೇಕು. ಯಂತ್ರಕ್ಕೆ ಬೇಕಾದದ್ದು ಒಂದು ತಿದ್ದುಪಡಿ, ನನ್ನ ಮೇಜಿನಿಂದಲೇ ಆಗುತ್ತದೆ. ಒಂದು ಬಟನ್ನು. ಅವಳ ಬೋಟು ಒಮ್ಮೆಲೇ ಸಾಧುವಾಗುತ್ತದೆ, ಸಮಾಂಕ ಏರುತ್ತದೆ, ಯಾರಿಗೂ ಏನೂ ಗೊತ್ತಾಗದು. ತೆರೆಯ ಹಿಂದೆ ನಿಂತು ಊರು ಉಳಿಸುವ ನಾಯಕ. ನನಗೆ ನಾನೇ ಚಪ್ಪಾಳೆ ಹೊಡೆದುಕೊಂಡೆ.

"ಮೀನ್ ತಿಂತ್ಯಾ, ಅಲ್ಲ ತಾಳಿ ಕಟ್ಟಿ ಮದಿ ಆತ್ಯಾ ಅದನ್ನ?" ಎಂದು ಅಕ್ಕ ಕೇಳಿದಳು.

*

ಬಟನ್ನು ಒತ್ತುವುದು ನಾನು ಎಣಿಸಿದಷ್ಟು ಸುಲಭವಿರಲಿಲ್ಲ. ಎಂಜಿನ್ನು ಓಡುತ್ತಿದ್ದು ಬೋಟು ನಮ್ಮ ಸಿಗ್ನಲ್ಲಿನೊಳಗೆ ಇದ್ದರೆ ಮಾತ್ರ ಸಮಗತಿ ದಡದ ಮಾತು ಕೇಳುತ್ತದೆ. ಬೆಳಿಗ್ಗೆ ಅಕ್ಕ ಹೊರಡುವಾಗ ನಾನು ಡ್ಯೂಟಿಯಲ್ಲಿರುವುದಿಲ್ಲ. ಉಳಿದದ್ದು ಮಧ್ಯಾಹ್ನ ಅವಳು ಮರಳುವ ಹೊತ್ತು. ಅಳಿವೆಗೆ ಬರುವ ಮೊದಲೇ, ಬಯಲು ಕಡಲಿನಲ್ಲೇ ತಿದ್ದಿಬಿಡುವುದು ನನ್ನ ಲೆಕ್ಕ.

ಮರುದಿನ ಆ ಹೊತ್ತಿಗೆ ಹಿರೇಮಠ ಮೇಡಂ ನನ್ನ ಕುರ್ಚಿಯ ಹಿಂದೆಯೇ ನಿಂತರು. ಇಳಿತದ ಹೊತ್ತು, ಹೊಳೆಯ ನೀರು ಜೋರಾಗಿ ಕಡಲಿಗೆ ನುಗ್ಗುತ್ತಿತ್ತು. ಹದಿನಾಲ್ಕು ಬೋಟು ಸಾಲಾಗಿ ಒಳಬರುತ್ತಿದ್ದವು. ಅಳಿವೆಯ ತೆಂಕು ಬದಿಯಲ್ಲಿ, ಅಂದರೆ ಒಳಬರುವವರ ಬಲಕ್ಕೆ, ಮರಳದಿನ್ನೆ ಬೆನ್ನು ಎತ್ತಿ ಮಲಗಿತ್ತು.

"ನಿಮ್ಮಕ್ಕನ ಬೋಟ ಎಷ್ಟನೇದು?"

"ಒಂಬತ್ತನೇದು ಮೇಡಂ."

"ಇವತ್ತ ಕೆಂಪ ಬಿದ್ರ ನಾ ಏನೂ ಮಾಡಾಕ ಬರೂದಿಲ್ಲ, ಮೊದಲ ಹೇಳೀನಿ."

ಏಳನೆಯ ಬೋಟು ದಾಟಿತು. ಎಂಟನೆಯದು. ಅವರ ಫೋನು ಹೊಡೆದುಕೊಂಡಿತು. ಅವರು ಬಾಗಿಲಾಚೆ ಹೋದರು. ಪರದೆಯಲ್ಲಿ ಜಟ್ಟಿಗ ಪ್ರಸಾದ ಅಳಿವೆಯ ಬಾಯಿಗೆ ಬಂದೇ ಬಿಟ್ಟಿತ್ತು. ಈಗ ಬೇಡ ಎಂದು ನನ್ನೊಳಗೊಬ್ಬ ಹೇಳಿದ. ಈಗ ಬಿಟ್ಟರೆ ಇವತ್ತೇ ಕೆಂಪು ಬೀಳಬಹುದು ಎಂದು ಇನ್ನೊಬ್ಬ ಹೇಳಿದ. ದಾರಿಗುರುತಿನ ಒಳಗಿನ ಕಂಬವನ್ನು ಬೋಟು ದಾಟಿದ ಕೂಡಲೇ, ಎರಡು ಐವತ್ತೆರಡಕ್ಕೆ, 'ಬಲ' ಅಳಿಸಿ 'ಎಡ' ಒತ್ತಿದೆ.

ಆ ಎರಡು ತಿಂಗಳಲ್ಲಿ ಅವಳ ತೋಳು ಏನು ಕಲಿತಿತ್ತು ಎಂಬುದನ್ನು ನಾನು ಮರೆತಿದ್ದೆ.

ದುಪ್ಪಟ್ಟು ಒದೆತವನ್ನು ತಡೆಯಲು ಅವಳು ಚಕ್ರವನ್ನು ಬಲಕ್ಕೆ ಜಗ್ಗಿ ಹಿಡಿದಿದ್ದಳು. ಒದೆತ ಒಮ್ಮೆಲೇ ಇಲ್ಲವಾಯಿತು. ಹಗ್ಗ ಜಗ್ಗಾಟದಲ್ಲಿ ಎದುರಿನವರು ಹಗ್ಗ ಬಿಟ್ಟರೆ ಏನಾಗುತ್ತದೋ ಅದಾಯಿತು. ಪರದೆಯ ಮೇಲಿನ ಪುಟ್ಟ ಹಸಿರು ಬಾಣ ಬಲಕ್ಕೆ ಚಂಗನೆ ತಿರುಗಿ ದಿನ್ನೆಗೆ ನೆಟ್ಟಗೆ ಓಡಿತು. ಕಿಟಕಿಯಿಂದ ನೋಡಿದೆ. ಬೋಟಿನ ಮೂತಿ ಮರಳಿಗೆ ಏರಿತು, ಹಿಂಬದಿ ಎದ್ದಿತು, ಇಡೀ ಬೋಟು ಮಗ್ಗುಲಿಗೆ ಒರಗಿತು. ಮೂತಿಯಲ್ಲಿ ಹಗ್ಗ ಹಿಡಿದು ನಿಂತಿದ್ದ ಹೆರಿಯಣ್ಣ, ಬೋಟಿನಲ್ಲಿ ದುಡಿಯುವ ಐವತ್ತು ದಾಟಿದ ಹಳೇ ಕಲಾಸಿ, ಬಲೆ ಎಳೆಯುವ ವಿಂಚಿನ ಮೇಲೆ ಬಿದ್ದ.

ಪರದೆಯ ಮೂಲೆಯಲ್ಲಿ ಮೂರನೆಯ ಕೆಂಪು ಹೊತ್ತಿತು. ಅದರ ಕೆಳಗೆ, ಯಾರನ್ನೂ ಕೇಳದೆ, ಅಕ್ಷರಗಳು ಬಂದವು: ತಾಂಡೇಲ ಕಾರ್ಡು ರದ್ದು.

*

ಹೆರಿಯಣ್ಣನ ಬಲಗೈ ಎರಡು ಕಡೆ ಮುರಿದಿತ್ತು. ಉಳಿದವರಿಗೆ ತರಚು ಗಾಯ. ಬೋಟು ಮರಳಿನಲ್ಲಿ ಸಿಕ್ಕಿಕೊಂಡಿತ್ತು, ಮರುದಿನ ಭರತ ಬಂದು ನೀರು ಏರಿದರೆ ಎಳೆಯಬಹುದಿತ್ತು. ಅಕ್ಕ ಬೋಟು ಬಿಟ್ಟು ಇಳಿಯಲಿಲ್ಲ.

ಹಿರೇಮಠ ಮೇಡಂ ನನ್ನ ಮೇಜಿನ ದಾಖಲೆ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. 'ತಿದ್ದುಪಡಿ, ಆಪರೇಟರ್ ಏಳು.' ನಾನು ಎಲ್ಲ ಹೇಳಿದೆ. ಫಾರಂ, ತೆಂಕು, ಬಂಗುಡೆ. ಅವರು ಆ ಸಾಲನ್ನು ಪರದೆಯಿಂದ ಮುಚ್ಚಿದರು.

"ಮುಂದಿನ ವಾರ ಇಡೀ ಕರಾವಳಿಗೆ ಸಮಗತಿ ಹಾಕೂ ತೀರ್ಮಾನ ಐತಿ," ಅಂದರು ಕೊನೆಗೆ. "ಇಂಥಾದೊಂದ ಸುದ್ದಿ ಹೊರಗ ಹೋದ್ರ ಅದು ನಿಂತು ಹೋಗತೈತಿ. ನಿಂತ್ರ ಎಲ್ಲೋ ಒಂದ ಕಡೆ ಮತ್ತ ಮೂರು ಹೆಣಾ ತೇಲ್ತಾವ. ಈ ಸಾಲು ನಾ ನೋಡಿಲ್ಲ. ನೀ ಮನೀಗೆ ಹೋಗು. ಕಾರ್ಡ ಒಂದು ವರ್ಷಕ್ಕ ಹೋಗೈತಿ, ಜೀವಾ ಹೋಗಿಲ್ಲ."

"ಅವಳ ತಪ್ಪಲ್ಲ ಮೇಡಂ."

"ನಿಂದ ಅಂತ ಹೇಳಾಕ ತಯಾರ ಇದ್ದಿ ಏನು? ಕೆಲಸಾ ಹೊಕ್ಕೈತಿ. ವಿಚಾರ ಮಾಡು."

ವಿಚಾರ ಮಾಡಿದ್ದರೆ ಮನೆಗೆ ಹೋಗುತ್ತಿದ್ದೆ. ಹಾಗಾಗಿ ಮಾಡಲಿಲ್ಲ. ವೈರ್‌ಲೆಸ್ಸಿನ ಮೈಕು ಎಳೆದು, ಎಲ್ಲ ಬೋಟುಗಳಿಗೂ ಕೇಳುವ ಚಾನೆಲ್ ತೆರೆದೆ.

"ಎಲ್ಲ ತಾಂಡೇಲರೂ ಕೇಳಿ. ಏಳನೇ ನಂಬರ್ ಸಚ್ಚು ಮಾತಾಡೂದ್. ಜಟ್ಟಿಗ ಪ್ರಸಾದ ದಿನ್ನೆಗೆ ಹತ್ತಿದ್ದು ಅಕ್ಕನ ತಪ್ಪಲ್ಲ, ನಂದು. ಅವಳ ಸಮಗತಿ ಉಲ್ಟಾ ಇತ್ತು, ನಾನೇ ಉಲ್ಟಾ ಬರೆದದ್ದು. ಇವತ್ತು ಅವಳಿಗೆ ಹೇಳದೆ ನಾನೇ ತಿದ್ದಿದೆ."

 ಗೊರಗೊರದ ನಡುವೆ ಶೀನ ತಾಂಡೇಲನ ಸ್ವರ: "ಹೋಯ್ ಸಚ್ಚು, ಇಂಟರ್ವಲ್ ಎಷ್ಟೊತ್ತಿಗೆ ಮಾರಾಯ?"

ನಗು ಒಂದು ಬೋಟಿನಿಂದ ಇನ್ನೊಂದಕ್ಕೆ ಹಾರಿತು. ತಪ್ಪು ಅವರದ್ದಲ್ಲ. ಅಳಿವೆಯಲ್ಲಿ ತಿಮಿಂಗಿಲ ಅಡ್ಡ ಮಲಗಿ ಸುಂಕ ಕೇಳುತ್ತಿದೆ ಎಂದು ಇದೇ ಚಾನೆಲ್ಲಿನಲ್ಲಿ ಹಿಂದಿನ ತಿಂಗಳು ಘೋಷಿಸಿದವನು ನಾನೇ. ಅದಕ್ಕೂ ಮೊದಲು ಸಮಗತಿಯೇ ಮಾತಾಡುವ ಹಾಗೆ 'ನನ್ನನ್ನು ಕೆಣಕಿದವರ ಮೂತಿಯೂ ತಿರುಗುತ್ತದೆ, ವಿಧಿಯೂ ತಿರುಗುತ್ತದೆ' ಎಂದು ಗಡಸು ದನಿಯಲ್ಲಿ ಹೆದರಿಸಿದವನೂ ನಾನೇ.

"ನಾಟ್ಕ ಬಿಡ ಮಗಾ, ಪಾಪ ಅದ್ರ ಕಾರ್ಡ್ ಹೋಯ್ತ್," ಎಂದು ಯಾರೋ ಗದರಿದರು.

"ನಾಟಕ ಅಲ್ಲ!"

ಇನ್ನೂ ಜೋರು ನಗು. ಮೇಡಂ ಕೈ ಕಟ್ಟಿಕೊಂಡು ನಿಂತಿದ್ದರು. ತಡೆಯುವ ಅಗತ್ಯವೇ ಇರಲಿಲ್ಲ.

ಆಗ ಸ್ಪೀಕರಿನಲ್ಲಿ ಅಕ್ಕನ ದನಿ ಬಂತು. ಹಿಂದೆ ಅಲೆ ಮರಳಿಗೆ ಬಡಿಯುವ ಸದ್ದು.

"ಎಷ್ಟ್ ಗಂಟಿಗೆ ಒತ್ತದ್ದ್ ನೀನ್?"

"ಎರಡು ಐವತ್ತೆರಡಕ್ಕೆ."

"ಆಗ ಬೋಟ್ ಎಲ್ಲಿತ್ತ್?"

"ಒಳಗಿನ ಕಂಬ ದಾಟಿದ ಕೂಡಲೇ."



"ಎಲ್ಲ್ರೂ ನೆಗಿ ನಿಲ್ಸಿನಿ," ಅಂದಳು. "ಇವ ಸುಳ್ಳ್ ಹೇಳ್ತಿಲ್ಲ. ಆ ಕಂಬದ್ ಹತ್ರವೇ ನನ್ ಕೈಯಲ್ಲಿ ಚಕ್ರ ಸತ್ತ್ ಹೋದ್ದ್. ಅದ್ ನಂಗ್ ಬಿಟ್ರೆ ಒತ್ತಿದವ್ನಿಗ್ ಮಾತ್ರ ಗೊತ್ತಿಪ್ಪುದ್." ಆಮೇಲೆ ಸೇರಿಸಿದಳು: "ಮೇಡಂ, ನೀವೂ ಕೇಣ್ತಾ ಇದ್ರಿ ಅಲ್ದಾ. ನಾಳೆ ದಕ್ಕಿಗ್ ಬನ್ನಿ. ಸೀಲ್ ಬಿಚ್ಚುಕ್ ಸ್ಪಾನರ್ ತಕಂಬನ್ನಿ."

*

ಮರುದಿನ ಬೆಳಿಗ್ಗೆ ಭರತದಲ್ಲಿ ಮೂರು ಬೋಟು ಸೇರಿ ಜಟ್ಟಿಗ ಪ್ರಸಾದವನ್ನು ಎಳೆದವು. ದಕ್ಕೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಮೀನು ಹೊರುವ ಹೆಂಗಸರು ಬುಟ್ಟಿ ಮಗುಚಿ ಹಾಕಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಹಿರೇಮಠ ಮೇಡಂ ಬಂದರು. ಬರುವುದಿಲ್ಲ ಎಂದುಕೊಂಡಿದ್ದೆ. ಅವರೇ ಸೀಲು ಬಿಚ್ಚಿ ಸಮಗತಿಯನ್ನು ಬಂದ್ ಮಾಡಿದರು.

ಅಕ್ಕ ಬೋಟನ್ನು ಎಂದಿನಂತೆ ಮೂತಿ ಪಡುವಿಗೆ ಮಾಡಿ ನಿಲ್ಲಿಸಿದಳು. ರಿವರ್ಸ್ ಹಾಕಿದಳು. ಹಿಂಬದಿ ದಕ್ಕೆ ಬಿಟ್ಟು ತೆಂಕಿಗೆ ಹೋಯಿತು.

ಹೊಳೆಯಲ್ಲಿ ಒಂದು ಸುತ್ತು ಹಾಕಿ ಬಂದಳು. ಈಗ ಮೂತಿ ಮೂಡಿಗೆ. ಅದೇ ಬೋಟು, ಅದೇ ಫ್ಯಾನು. ರಿವರ್ಸ್ ಹಾಕಿದಳು. ಹಿಂಬದಿ ಬಡಗಿಗೆ ಬಂದು ದಕ್ಕೆಯ ಟಯರಿಗೆ ಒತ್ತಿ ನಿಂತಿತು.

ಶೀನ ತಾಂಡೇಲ ತಲೆ ಕೆರೆದುಕೊಂಡ. "ನಮ್ದೂ ತಿರ್ಗ್ಸಿ ಕಟ್ರೆ ತೆಂಕಿಗೇ ಹೋತಿತ್ತ್. ನಮ್ಗೆ ಯಾರ್ ಕೇಣ್ದ್ರ್?"

ಮೇಡಂ ಬ್ಯಾಗಿನಿಂದ ನನ್ನ ಫಾರಂ ತೆಗೆದು ಓದಿದರು. ಮತ್ತೆ ಓದಿದರು. "ಮೂತಿ ಯಾವ ಕಡೆ ಇರತೈತಿ ಅಂತ ಒಂದು ಪ್ರಶ್ನೆ ಇದರಾಗ ಇಲ್ಲ. ಇದನ್ನ ಬರದಾಕಿ ನಾನ," ಅಂದರು. ದನಿ ಸಣ್ಣದಾಗಿತ್ತು. "ನಲವತ್ತೆರಡು ಒಂದ ಹೇಳಿದ್ವು, ಒಂದು ಬ್ಯಾರೆ ಹೇಳ್ತು. ಆ ಒಂದರ ಕಡೆ ಹೋಗಿ ಯಾಕ ಅಂತ ನಾನೂ ಕೇಳಲಿಲ್ಲ, ಇವನೂ ಕೇಳಲಿಲ್ಲ. ಮೂಕಾಂಬು, ಮೂರೂ ಕೆಂಪ ತಗಸ್ತೀನಿ. ಆದ್ರ ಕಾರ್ಡ ಕೊಡೂ ಮೊದಲ ಸರಿ ಮಾಡಿದ ಯಂತ್ರದ ಕೂಡ ಒಮ್ಮೆ ಅಳಿವಿ ದಾಟಿ ಬರಬೇಕು. ತೊಂಬತ್ತರ ಮ್ಯಾಲ ಬರಬೇಕು. ಇದು ಹಟಾ ಅಲ್ಲ. ನಿನ್ನ ಕೈ ಈಗ ಆ ಕೆಟ್ಟ ಯಂತ್ರಾನ ಕಲತೈತಿ."

"ಗೊತ್ತಿತ್ತ್," ಅಂದಳು ಅಕ್ಕ. "ಮತ್ತೆ ಇವ?"

"ಇವನ ಕೆಲಸಾ ಇವತ್ತಿಗೆ ಮುಗೀತು."

ನಾನು ಅಕ್ಕನ ಹತ್ತಿರ ಹೋದೆ. ಮಾತು ಜೋಡಿಸಿಕೊಂಡೇ ಹೋಗಿದ್ದೆ. ಅವಳು ನನ್ನ ಎಡಗೆನ್ನೆಗೆ ಬಿಟ್ಟಳು. ಬಲಗೆನ್ನೆಗೂ ಬಿಟ್ಟಳು. ಸಮಾಂಕ ನೂರಕ್ಕೆ ನೂರು.

"ತಪ್ಪ್ ಬರ್ದ್ಯಲೆ, ಅದ್ ಬಿಡ್. ಯಾರಾರೂ ಬರಿತ್ರ್," ಅಂದಳು. "ಗೊತ್ತಾದ್ ಮೇಲೆ ನನ್ ಎದ್ರ್ ಕೂಕಂಡ್ ಮೀನ್ ತಿಂದ್ಯಲೆ. ನಂಗ್ ಹೇಳ್ದೇ ನನ್ ಕೈಯಡಿಯಲ್ಲಿಪ್ಪ ಬೋಟನ್ನ ಬದ್ಲ್ ಮಾಡ್ದ್ಯಲೆ. ಹೆರಿಯಣ್ಣ ತಲೆ ಕೆಳ್ಗ್ ಮಾಡ್ಕಂಡ್ ಬಿದ್ದಿದ್ರೆ?"

ಅವಳು ನನ್ನ ತೋಳು ಹಿಡಿದು ಬೋಟಿನ ಕಡೆಗೆ ತಳ್ಳಿದಳು.

"ಹತ್ತ್ ಬೋಟಿಗೆ. ಹೆರಿಯಣ್ಣ ನಿಂತ ಜಾಗ್ದಲ್ಲೇ ನಿಲ್ಲ್. ಇವತ್ತ್ ನನ್ ಕೈ ತಪ್ರೆ ಮೊದ್ಲ್ ಮರಳಿಗ್ ಹೋಪ್ದ್ ನಿನ್ ಹಲ್ಲ್."

*

ಮಧ್ಯಾಹ್ನ, ಇಳಿತದ ಹೊತ್ತಿಗೇ ಬೇಕೆಂದು ಅವಳು ಹಟ ಮಾಡಿದಳು. ಹಿಂದಿನ ದಿನದ ಅದೇ ನೀರು, ಅದೇ ದಿನ್ನೆ. ಅದಕ್ಕೂ ಮುಂಚೆ ಬಯಲು ಕಡಲಿನಲ್ಲಿ ಎರಡು ತಾಸು ಬೋಟನ್ನು ಎಂಟರ ಆಕಾರದಲ್ಲಿ ತಿರುಗಿಸಿದಳು. ಪ್ರತಿ ಸಲವೂ ನೇರ ಹೋಗಬೇಕಾದಲ್ಲಿ ಮೂತಿ ಬಲಕ್ಕೆ ಜಾರುತ್ತಿತ್ತು. ಅವಳು ಬೈಯುತ್ತಿದ್ದಳು, ನನ್ನನ್ನಲ್ಲ, ತನ್ನ ತೋಳನ್ನು. ನಾನು ಮೂತಿಯ ಕಂಬಿ ಹಿಡಿದು ಎರಡು ಸಲ ವಾಂತಿ ಮಾಡಿದೆ. ಕಂಟ್ರೋಲ್ ರೂಮಿನ ಪರದೆಯಲ್ಲಿ ಬೋಟು ಅಂದರೆ ಒಂದು ಹಸಿರು ಬಾಣ. ಅದರ ಮೇಲೆ ನಿಂತರೆ ಅದು ಕಾಲಡಿಯಿಂದ ಜಾರುವ ನೆಲ.

ಅಳಿವೆಯ ಬಾಯಿ ಬಂತು. ಒಳಗಿನ ಕಂಬ ಕಾಣಿಸಿತು. ಹೊಳೆಯ ನೀರು ಎದುರಿನಿಂದ ಗುದ್ದಿತು. ಮೂತಿ ಬಲಕ್ಕೆ ಜಾರಿತು. ದಿನ್ನೆಯ ಮೇಲೆ ಹಿಂದಿನ ದಿನ ನಮ್ಮ ಬೋಟು ಕೊರೆದ ಗೆರೆ ಇನ್ನೂ ಹಾಗೇ ಇತ್ತು. ಅದು ನೇರ ನನ್ನ ಎದೆಗೆ ಬರತೊಡಗಿತು.

"ಅಕ್ಕಾ!"

"ಕಾಣ್ತಾ ಇತ್ತ್!"

ತಿರುಗಿ ನೋಡಿದೆ. ಗಾಜಿನ ಹಿಂದೆ ಅವಳು ಚಕ್ರದಿಂದ ಎರಡೂ ಕೈ ಎತ್ತಿಬಿಟ್ಟಿದ್ದಳು. ಪೂರ್ತಿ. ಒಂದು, ಎರಡು, ಮೂರು ಕ್ಷಣ ಬೋಟು ತನ್ನಷ್ಟಕ್ಕೆ ತಾನು ಹೋಯಿತು. ಜಾರುತ್ತಿದ್ದ ಮೂತಿ ನಿಂತಿತು. ಆಮೇಲೆ ಅವಳು, ಹೊಸದಾಗಿ ಯಾರದ್ದೋ ಮಗುವನ್ನು ಎತ್ತಿಕೊಂಡ ಹಾಗೆ, ಬೆರಳ ತುದಿಯಲ್ಲಿ ಚಕ್ರವನ್ನು ಮತ್ತೆ ಹಿಡಿದಳು. ದಿನ್ನೆ ಬಲಕ್ಕೆ ಹತ್ತು ಮಾರು ದೂರದಲ್ಲಿ ಹಿಂದೆ ಸರಿಯಿತು.

"ತೊಂಬತ್ತೊಂದು," ಎಂದಿತು ಸ್ಪೀಕರು, ಮೇಡಂ ದನಿಯಲ್ಲಿ. "ಮೂಕಾಂಬು, ಕೇಳಸ್ತೇನು? ತೊಂಬತ್ತೊಂದು."

ಅಕ್ಕ ಹೊಳೆಯಲ್ಲಿ ಬೋಟು ತಿರುಗಿಸಿ ಮೂತಿ ಪಡುವಿಗೆ ಮಾಡಿ ಕಟ್ಟಿಸಿದಳು. ಕಾರ್ಡನ್ನು ಮೇಡಂ ಕೈಯಿಂದ ತೆಗೆದುಕೊಂಡು, ಒರೆಸಿ, ಕುತ್ತಿಗೆಗೆ ಹಾಕಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹೆರಿಯಣ್ಣನ ಕೈ ಸಮ ಆಪಲ್ಲಿವರಿಗೆ ಅವ್ನ್ ಕೆಲ್ಸ ನಿಂದ್. ಮೀನಿನ ಪಾಲ್ ಅವಂದ್."

"ನನಗೆ?"

"ನಿಂಗೆ ಕಡ್ಲ್ ಇತ್ತಲೆ. ಬೆಳಿಗ್ಗೆ ಐದಕ್ಕೆ. ನಿನ್ ದಾರಿ ಕಾಂತಾ ಕೂಕಂಬವ್ಳಲ್ಲ ನಾನ್."

ಐದಕ್ಕೆ ಹತ್ತು ನಿಮಿಷ ಇರುವಾಗಲೇ ಹೋದೆ. ಹಗ್ಗ ಬಿಚ್ಚಿಯಾಗಿತ್ತು. ದಕ್ಕೆಗೂ ಬೋಟಿಗೂ ನಡುವೆ ಮೂರಡಿ ನೀರು, ಅಗಲವಾಗುತ್ತಿತ್ತು. ಅಕ್ಕ ಚಕ್ರ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಎಂಜಿನ್ನು ತಗ್ಗಿಸಲಿಲ್ಲ, ಕರೆಯಲೂ ಇಲ್ಲ.

ನಾಲ್ಕಡಿಯಾಗುವ ಮೊದಲು ಹಾರಿದೆ.